ಸೀಟಿಗೆ ಟವೆಲ್ ಹಾಕುವ ಕಂಪ್ಯೂಟರ್

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಪವರ್ ಮ್ಯಾಕಿಂಟಾಶ್ 7200 ಅನ್ನೋ, ಆಪಲ್ ಕಂಪನಿಯ ಹಳೇ ಕಂಪ್ಯೂಟರ್ ಒಂದಿದೆ. ಹೋದ ಸಲದ ಆಯುಧ ಪೂಜೆಯ ಕುಂಕುಮ ಇನ್ನೂ ಅದರ ಹಣೆಯ ಮೇಲಿದೆ. ಸ್ವಿಚ್ ಹಾಕಿದರೆ ಇವತ್ತಿಗೂ ಏಳುತ್ತದೆ. ಮಾಲಕರ ತಂದೆ ತೊಂಬತ್ತರ ದಶಕದಲ್ಲಿ ಕೂತು ತಿದ್ದಿದ ಕನ್ನಡ ಅಕ್ಷರಗಳೆಲ್ಲ ಅದರೊಳಗಿವೆ. ತಂದೆ ಈಗಿಲ್ಲ. ಅಕ್ಷರಗಳನ್ನಾದರೂ ಹೊರಗೆ ತೆಗೆಯಬೇಕು ಅನ್ನೋದು ಮಾಲಕರ ಆಸೆ.

ನನಗಿಂತ ಮೊದಲು ಒಬ್ಬ ರಿಪೇರಿಯವರು ಬಂದು ಫೈಲುಗಳನ್ನು ಫ್ಲಾಪಿಗೆ ಹಾಕಿ, ವಿಂಡೋಸ್‌ನಲ್ಲಿ ತೆರೆದು ನೋಡಿದ್ದರು. ಫಾಂಟುಗಳ ಸೈಜ್ ಸೊನ್ನೆ. "ಇದರ ಆಯುಷ್ಯ ಮುಗಿದೈತ್ರಿ, ಗುಜರಿಗೆ ಹಾಕಿಬಿಡ್ರಿ" ಅಂದು ಹೋದರಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಂತ್ರಕ್ಕೆ ಜಾತಕ ಇಲ್ಲ. ಸೊನ್ನೆ ಕಂಡರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಬೇಕು ಅಷ್ಟೇ.

ಕಾರಣ ಇಷ್ಟು. ಹಳೇ ಮ್ಯಾಕ್‌ನ ಫೈಲು ಅಂದರೆ ಎರಡು ಜೇಬಿನ ಅಂಗಿ. ಎದುರುಜೇಬಿನಲ್ಲಿ ಸಾದಾ ಮಾಹಿತಿ, ಒಳಜೇಬಿನಲ್ಲಿ 'ರಿಸೋರ್ಸ್' ಅನ್ನೋ ಸರಕು. ಆ ಕಾಲದ ಫಾಂಟು ಪೂರ್ತಿಯಾಗಿ ಒಳಜೇಬಿನಲ್ಲೇ ಇರುತ್ತಿತ್ತು. ವಿಂಡೋಸ್‌ಗೆ ಒಳಜೇಬು ಇರೋದೇ ಗೊತ್ತಿಲ್ಲ. ಫ್ಲಾಪಿಗೆ ಬರೆಯುವಾಗ ಮ್ಯಾಕ್ ಆ ಸರಕನ್ನು ಬೇರೆ ಒಂದು ಅಡಗಿದ ಫೋಲ್ಡರಿನಲ್ಲಿ ಇಟ್ಟಿತ್ತು. ರಿಪೇರಿಯವರು ನೋಡಿದ್ದು ಖಾಲಿ ಎದುರುಜೇಬನ್ನು.

ಎರಡೂ ಜೇಬನ್ನು ಒಟ್ಟಿಗೆ ಸಾಗಿಸುವ ದಾರಿ ಆ ಯಂತ್ರದಲ್ಲೇ ಇತ್ತು: ಆಪಲ್‌ಟಾಕ್. 1985ರಲ್ಲಿ ಬಂದ ನೆಟ್‌ವರ್ಕ್ ಭಾಷೆ. ನನ್ನ ಲಿನಕ್ಸ್ ಲ್ಯಾಪ್‌ಟಾಪ್ ತಂದು, ನಡುವೆ ನೆಟ್‌ವರ್ಕ್ ಸ್ವಿಚ್ ಅನ್ನೋ ಡಬ್ಬಿ ಇಟ್ಟು, ಎರಡಕ್ಕೂ ಕೇಬಲ್ ಚುಚ್ಚಿದೆ. ಹಸಿರು ದೀಪ ಹತ್ತಿತು. ಆದರೆ ಒಂದಕ್ಕೊಂದು ಕಾಣಲೇ ಇಲ್ಲ.

ಮಾಲಕರು ಕೇಳಿದರು: "ವೈರ್ ಒಂದೇ ಐತಿ, ದೀಪಾನೂ ಹತ್ತೇತಿ. ಮತ್ಯಾಕ ಮಾತಾಡವಲ್ವರಿ?"

ಎಷ್ಟು ಒಳ್ಳೇ ಪ್ರಶ್ನೆ! ದೀಪ ಹತ್ತಿದರೆ ಕರೆಂಟು ಮುಟ್ಟಿತು ಅಂತ ಅರ್ಥ, ಮಾತು ಮುಟ್ಟಿತು ಅಂತಲ್ಲ. ಕೇಬಲ್ಲಿನಲ್ಲಿ ಹೋಗುವ ಪ್ರತಿ ಕಂತೆಯ ತಲೆಯಲ್ಲಿ 14 ಬೈಟ್ ಇರುತ್ತವೆ. ಯಾರಿಗೆ ಅನ್ನೋದಕ್ಕೆ 6, ಯಾರಿಂದ ಅನ್ನೋದಕ್ಕೆ 6, ಕೊನೆಗೆ 2. ಇಡೀ ಗುಟ್ಟು ಆ ಎರಡರಲ್ಲಿದೆ. ಅಲ್ಲಿ 08 00 ಅಂತ ಇದ್ದರೆ (ಇದು ಹದಿನಾರರ ಲೆಕ್ಕ, ನಮ್ಮ ಲೆಕ್ಕದಲ್ಲಿ 2048) ನಾವು ದಿನಾ ಬಳಸುವ ಇಂಟರ್‌ನೆಟ್ಟಿನ ಐಪಿ. 60 03 ಇದ್ದರೆ ಡಿಇಸಿನೆಟ್ ಅನ್ನೋ ಇನ್ನೊಂದು ಹಳೇ ಭಾಷೆ. ಹುಬ್ಬಳ್ಳಿಯ ಆರ್‌ಎಂಎಸ್‌ನಲ್ಲಿ ಕಾಗದ ವಿಂಗಡಿಸೋದನ್ನು ನೆನೆಸಿಕೊಳ್ಳಿ. ವಿಂಗಡಿಸುವವರು ಒಳಗಿನ ಕಾಗದ ಓದೋದಿಲ್ಲ, ಪಿನ್‌ಕೋಡ್ ನೋಡಿ ಖಾನೆಗೆ ಹಾಕುತ್ತಾರೆ. ಲಿನಕ್ಸಿನ ತಿರುಳಾದ ಕರ್ನೆಲ್ ಮಾಡೋದೂ ಅದನ್ನೇ. ಒಂದೇ ವ್ಯತ್ಯಾಸ, ಅಂಚೆಯವರು ಖಾನೆ ಸಿಗದ ಕಾಗದವನ್ನು ಕಳಿಸಿದವರಿಗೆ ವಾಪಸು ಮಾಡುತ್ತಾರೆ. ಕರ್ನೆಲ್ ಸುಮ್ನೆ ಎಸೆಯುತ್ತದೆ. ದೂರಿಲ್ಲ, ಉತ್ತರವಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಲಕ್ಷ್ಮೇಶ್ವರಕ್ಕೆ ಪ್ಲಾಟ್‌ಫಾರ್ಮೇ ಇಲ್ಲದಿದ್ದರೆ ಆ ಬಸ್ಸು ಬಂದದ್ದೂ ಹೋದದ್ದೂ ಕಾದು ಕೂತವರಿಗೆ ಗೊತ್ತಾಗೋದಿಲ್ಲ, ಹಾಗೆ. ರಸ್ತೆಯಂತೂ ಇದ್ದೇ ಇದೆ!

ಇಲ್ಲೊಂದು ಸೊಗಸಾದ ತೊಡಕಿದೆ. ಎರಡು ಬೈಟಿನ ಆ ಜಾಗವನ್ನು ಒಂದು ಪಂಗಡ ಭಾಷೆಯ ಗುರುತಿಗೆ ಬಳಸಿತು, ಇನ್ನೊಂದು ಪಂಗಡ ಕಂತೆಯ ಉದ್ದ ಬರೆಯಲು ಬಳಸಿತು. ಜಗಳ ಬಿಡಿಸಿದ ರೀತಿ ನೋಡಿ. ಕಂತೆಯ ಸರಕು 1500 ಬೈಟ್ ದಾಟೋದಿಲ್ಲ. ಹಾಗಾಗಿ ಅಲ್ಲಿರುವ ಸಂಖ್ಯೆ 1500ರ ಒಳಗಿದ್ದರೆ ಅದು ಉದ್ದ, 1536 ಅಥವಾ ಜಾಸ್ತಿ ಇದ್ದರೆ ಭಾಷೆ. ಉದ್ದ ಅಂತ ಗೊತ್ತಾದರೆ ಇನ್ನೂ ಒಳಗೆ ಹೋಗಿ ಹುಡುಕಬೇಕು. ಆಪಲ್‌ಟಾಕ್ ಈ ಎರಡನೇ ಜಾತಿ. ಒಳಗೆ 08 00 07 80 9ಬಿ ಅನ್ನೋ ಐದು ಬೈಟ್ ಅದರ ಗುರುತು. ನಾವೆಲ್ ಕಂಪನಿಯ ಐಪಿಎಕ್ಸ್ ಅನ್ನೋ ಭಾಷೆಯ ಹಳೇ ಕಂತೆಗಳಂತೂ ಗುರುತೇ ಇಲ್ಲದೆ ಓಡಾಡುತ್ತಿದ್ದವು. ಸರಕಿನ ಮೊದಲ ಎರಡು ಬೈಟ್ ಎಫ್‌ಎಫ್ ಎಫ್‌ಎಫ್ ಇದ್ದರೆ ಇದು ಅವರದ್ದೇ ಇರಬೇಕು ಅಂತ ಲಿನಕ್ಸ್ ಊಹಿಸುತ್ತಿತ್ತು. 2018ರಲ್ಲಿ 4.18ನೇ ಆವೃತ್ತಿಯಿಂದ ಐಪಿಎಕ್ಸ್ ಹೊರಬಿತ್ತು. ಆ ಊಹೆಯ ಸಾಲು ಆಮೇಲೂ ಉಳಿಯಿತು.

ನೆಟ್‌ವರ್ಕ್ ಕಾರ್ಡಿಗೆ ಬರೋದನ್ನೆಲ್ಲ ಇದ್ದಂತೆ ತೋರಿಸುವ ಟಿಸಿಪಿಡಂಪ್ ಓಡಿಸಿದೆ. ಮ್ಯಾಕ್‌ನಲ್ಲಿ, ನೆಟ್‌ವರ್ಕಿನಲ್ಲಿ ಯಾರಿದ್ದಾರೆ ಅಂತ ಹುಡುಕುವ 'ಚೂಸರ್' ತೆರೆದ ಕೂಡಲೇ ಪರದೆಯ ಮೇಲೆ ಸಾಲು ಬಿತ್ತು. ಅದೇ ಐದು ಬೈಟ್! ಮ್ಯಾಕ್ ಕೂಗುತ್ತಲೇ ಇತ್ತು. ನನ್ನ ಕರ್ನೆಲ್ಲಿಗೆ ಖಾನೆ ಇರಲಿಲ್ಲ. ಕರ್ನೆಲ್ಲಿಗೆ ಏನೇನು ಸೇರಿಸಬೇಕು ಅಂತ ಹೇಳುವ ಕಾನ್ಫಿಗ್ ಫೈಲಿನಲ್ಲಿ ಆಪಲ್‌ಟಾಕ್‌ನ ಸಾಲಿಗೆ 'ಈಸ್ ನಾಟ್ ಸೆಟ್', ಅಂದರೆ ಸೇರಿಸಿಲ್ಲ ಅಂತ ಬರೆದಿತ್ತು.

ಸರಿ, ಕರ್ನೆಲ್ಲಿನ ಸೋರ್ಸ್, ಅಂದರೆ ಮೂಲ ಕೋಡು ಇಳಿಸಿಕೊಂಡು 'ಮೇಕ್ ಮೆನುಕಾನ್ಫಿಗ್' ಕೊಟ್ಟೆ. ಆಯ್ಕೆಗಳ ಪಟ್ಟಿ ಇರುವ ನೀಲಿ ಪರದೆ ಬರುತ್ತದೆ. ನೆಟ್‌ವರ್ಕಿಂಗ್ ಸಪೋರ್ಟ್, ಅದರೊಳಗೆ ನೆಟ್‌ವರ್ಕಿಂಗ್ ಆಪ್ಷನ್ಸ್, ಕೆಳಗೆ ಇಳಿದರೆ ಆಪಲ್‌ಟಾಕ್. ವೈ ಒತ್ತಿದರೆ ಅದು ಕರ್ನೆಲ್ಲಿನ ಮೈಗೇ ಹೊಲಿದ ಹಾಗೆ. ಎಂ ಒತ್ತಿದರೆ ಮಾಡ್ಯೂಲ್, ಕಪಾಟಿನಲ್ಲಿ ಇರುತ್ತದೆ, ಬೇಕಾದಾಗ ತೆಗೆಯಬಹುದು. ನಾನು ಎಂ ಒತ್ತಿದೆ.

ಕಪಾಟಿಗೆ ಬೀಗ ಮಾತ್ರ ಬೇಕು. ಯಾವುದೋ ಸಾಮಾನ್ಯ ಪ್ರೋಗ್ರಾಂ 5ನೇ ನಂಬರಿನ ಸಾಕೆಟ್, ಅಂದರೆ ಆಪಲ್‌ಟಾಕ್‌ನಲ್ಲಿ ಮಾತಾಡುವ ಕಿಂಡಿ ಕೊಡು ಅಂದರೆ ಸಾಕು, ಕರ್ನೆಲ್ ತಾನಾಗಿ ಆಪಲ್‌ಟಾಕ್ ಮಾಡ್ಯೂಲ್ ಎಳೆದುಕೊಳ್ಳಬಹುದು. 2010ರಲ್ಲಿ ಇಕೋನೆಟ್ ಅನ್ನೋ, ಯಾರೂ ಬಳಸದ ಭಾಷೆಯ ಕೋಡಿನಲ್ಲಿದ್ದ ತಪ್ಪುಗಳ ಮೂಲಕ ಸಾದಾ ಬಳಕೆದಾರ ಇಡೀ ಯಂತ್ರದ ಯಜಮಾನ ಆಗಬಹುದು ಅಂತ ತೋರಿಸಿಕೊಟ್ಟರು. 2012ರಲ್ಲಿ ಅದನ್ನು ತೆಗೆದೇ ಹಾಕಿದರು. ಡಿಇಸಿನೆಟ್ 2022ರಲ್ಲಿ ಹೋಯಿತು. ನೋಡಿಕೊಳ್ಳುವವರಿಲ್ಲದ ಕೋಡನ್ನು ತೆಗೆಯೋದು ಸರಿ ಅಂತಲೇ ನನ್ನ ಅಭಿಪ್ರಾಯ. ಹಳೇ ಸೋರ್ಸ್ ಎಲ್ಲೂ ಹೋಗೋದಿಲ್ಲ, ಬೇಕಾದವರು ಹಳೇ ಕರ್ನೆಲ್ ಕಟ್ಟಿಕೊಳ್ಳಬಹುದು.

ಕಂಪೈಲ್ ಆಗುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಆ ಹೊತ್ತಿನಲ್ಲಿ ಮಾಲಕರಿಗೆ ನನಗೆ ತುಂಬಾ ಇಷ್ಟವಾದ ಸಂಗತಿ ಹೇಳಿದೆ. ಆಪಲ್‌ಟಾಕ್‌ನಲ್ಲಿ ಯಾರೂ ಅಡ್ರೆಸ್ ಹಂಚೋದಿಲ್ಲ. ಯಂತ್ರ ತಾನೇ ಒಂದು ನಂಬರ್ ಆರಿಸಿ "ಇದು ಯಾರದ್ದಾದರೂ ಇದೆಯಾ?" ಅಂತ ಕೂಗುತ್ತದೆ. ಸೆಕೆಂಡಿಗೆ ಐದು ಸಲದಂತೆ ಹತ್ತು ಸಲ. ಎರಡು ಸೆಕೆಂಡಿನಲ್ಲಿ ಯಾರೂ ಓ ಅನ್ನದಿದ್ದರೆ ನಂಬರ್ ಅದರದ್ದೇ. ಮುಂಡರಗಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ ಪದ್ಧತಿ. "ರೀ, ಇಲ್ಲಿ ಮಂದಿ ಅದಾರ" ಅಂದರೆ ಮುಂದಿನ ಸೀಟು. ಮುಂದಿನ ಸಲ ಹೋದಸಲದ ಸೀಟನ್ನೇ ಮೊದಲು ಕೇಳುತ್ತದೆ. ಆಪಲ್‌ನ ಗುರ್ಶರಣ್ ಸಿಧು ಮತ್ತು ಅವರ ತಂಡ ಇದನ್ನು ಕಟ್ಟಿದ ಕಾಲಕ್ಕೆ ಒಂದು ಲೇಸರ್‌ರೈಟರ್ ಪ್ರಿಂಟರಿಗೆ 6,995 ಡಾಲರ್. ಆಫೀಸಿನ ಎಲ್ಲರೂ ಒಂದನ್ನೇ ಹಂಚಿಕೊಳ್ಳಬೇಕಿತ್ತು. ಇಂಜಿನಿಯರ್ ಕರೆಸದೆ ಕೇಬಲ್ ಚುಚ್ಚಿದರೆ ಸಾಕು ಅನ್ನುವಂತೆ ಮಾಡಿದ್ದು ಅದಕ್ಕೇ.

ಮಾಡ್ಯೂಲ್ ಹಾಕಿದೆ. ಮ್ಯಾಕ್‌ಗೆ ಫೈಲು ಹಂಚುವ ನೆಟಾಟಾಕ್ ಅನ್ನೋ ಸರ್ವರಿನ ಎರಡನೇ ಆವೃತ್ತಿಯನ್ನು ಓಡಿಸಿದೆ. ಮೂರನೆಯದರಲ್ಲಿ ಆಪಲ್‌ಟಾಕ್ ಕಿತ್ತುಹಾಕಿದ್ದರು, 2024ರ ನಾಲ್ಕನೆಯದರಲ್ಲಿ ಮತ್ತೆ ಸೇರಿಸಿದ್ದಾರೆ. ಲ್ಯಾಪ್‌ಟಾಪ್ ತನ್ನ ಟವೆಲ್ ಹಾಕಿ ಸೀಟು ಹಿಡಿಯಿತು. ಚೂಸರ್‌ನಲ್ಲಿ ಫೈಲು ಹಂಚಿಕೆಯ ಆಪಲ್‌ಶೇರ್ ಮೇಲೆ ಒತ್ತಿದರೆ, ಪಟ್ಟಿಯಲ್ಲಿ ನನ್ನ ಲ್ಯಾಪ್‌ಟಾಪಿನ ಹೆಸರು!

ಒಂದು ಫಾಂಟನ್ನು ಎಳೆದು ಹಾಕಿದೆವು. ಲಿನಕ್ಸ್‌ನಲ್ಲಿ ಅದರ ಸೈಜ್ ಮತ್ತೆ ಸೊನ್ನೆ. ಮಾಲಕರ ಮುಖ ಬಾಡಿತು. ಪಕ್ಕದಲ್ಲಿ 'ಆಪಲ್‌ಡಬಲ್' ಅನ್ನೋ ಅಡಗಿದ ಫೋಲ್ಡರ್ ತೆರೆದು ತೋರಿಸಿದೆ. ಅಲ್ಲಿತ್ತು, ಒಳಜೇಬಿನ ಸರಕೆಲ್ಲ. ಅದನ್ನು ಬಿಡಿಸಿ ಫಾಂಟ್ ಎಡಿಟರಿನಲ್ಲಿ ತೆರೆದಾಗ ಅಕ್ಷರಗಳು ಒಂದೊಂದಾಗಿ ಬಂದವು. ಮಾಲಕರು ಕನ್ನಡಕ ಏರಿಸಿ 'ಳ'ದ ಸುಳಿಯ ಹತ್ತಿರ ಬೆರಳಿಟ್ಟರು.

"ಇದನ್ನ ಅಪ್ಪಾರು ಮೂರು ಸಲ ಅಳಿಸಿ ಬರದಿದ್ರು ನೋಡ್ರಿ."

ಇನ್ನೂ ಹನ್ನೊಂದು ಫೈಲು ಬಾಕಿ ಇದ್ದವು. ಮೌಸ್ ಅವರ ಕೈಗೆ ಕೊಟ್ಟೆ.