ಮೈನಸ್ 40ರಿಂದ 55ರವರೆಗೆ

ಮೈಸೂರಿನಿಂದ ಕೆಆರ್‌ಎಸ್ ಕಡೆ ಹೋಗುವಾಗ ಬೆಳವಾಡಿ ಹತ್ತಿರ ಬೆಮೆಲ್ ಕಾರ್ಖಾನೆ ಸಿಗುತ್ತದೆ. ಭಾನುವಾರ ಮಕ್ಕಳನ್ನು ಬೃಂದಾವನಕ್ಕೆ ಕರೆದುಕೊಂಡು ಹೋಗುವವರಿಗೆಲ್ಲ ಗೊತ್ತಿರುವ ದಾರಿ ಅದು. 2024ರ ಮಾರ್ಚ್ 20ರಂದು ಇದೇ ಕಾರ್ಖಾನೆಯ ಎಂಜಿನ್ ವಿಭಾಗದಲ್ಲಿ ಒಂದು ಹೊಸ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಯಿತು. ಯುದ್ಧ ಟ್ಯಾಂಕುಗಳಿಗೆಂದು ನಮ್ಮಲ್ಲೇ ಮಾಡುತ್ತಿರುವ 1500 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಆಗಿನ ರಕ್ಷಣಾ ಕಾರ್ಯದರ್ಶಿ ಗಿರಿಧರ ಅರಮನೆ ಅದಕ್ಕಾಗಿಯೇ ಬಂದಿದ್ದರು.

1500 ಅಶ್ವಶಕ್ತಿ ಅಂದರೆ ಎಷ್ಟು? ಮಂಡ್ಯದ ಕಡೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಏದುಸಿರು ಬಿಡುತ್ತಾ ಹೋಗುವ ಟ್ರ್ಯಾಕ್ಟರು ನೋಡಿರುತ್ತೀರಿ. ಅದರದ್ದು ಸುಮಾರು 50 ಅಶ್ವಶಕ್ತಿ. ಅಂಥ ಮೂವತ್ತು ಟ್ರ್ಯಾಕ್ಟರುಗಳ ಬಲ ಒಂದೇ ಎಂಜಿನ್ನಿನಲ್ಲಿ. ಆದರೆ ಆ ದಿನದ ಸುದ್ದಿ ಓದುವಾಗ ನನಗೆ ಜಾಸ್ತಿ ಕಾಡಿದ್ದು ಇನ್ನು ಮೂರು ಅಂಕಿಗಳು. ಈ ಎಂಜಿನ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಓಡಬೇಕು, 55 ಡಿಗ್ರಿ ಬಿಸಿಲಲ್ಲೂ ಓಡಬೇಕು, 5000 ಮೀಟರ್ ಎತ್ತರದಲ್ಲೂ ಓಡಬೇಕು. ಬರೆಯುವುದಕ್ಕೆ ಒಂದೇ ಸಾಲು. ಆ ಸಾಲನ್ನು ನಿಜ ಮಾಡಲು ವರ್ಷಗಟ್ಟಲೆ ದುಡಿಯಬೇಕು. ಸೇನೆ ಒಂದು ಸಾಮಾನು ಕೊಳ್ಳುವುದಕ್ಕೆ ಯಾಕೆ ಅಷ್ಟು ಕಾಲ ಬೇಕು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇರುವುದೂ ಅಲ್ಲೇ.

ಮೊದಲು ಚಳಿ. ಡೀಸೆಲ್ ಎಂಜಿನ್‌ಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಅದಕ್ಕೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಗಾಳಿಯೇ ಮೈನಸ್ 40 ಇದ್ದರೆ? ಎಂದಿನಷ್ಟೇ ಒತ್ತಿದರೆ ಬೇಕಾದಷ್ಟು ಕಾಯುವುದಿಲ್ಲ. ಹುಟ್ಟಿದ ಚೂರುಪಾರು ಬಿಸಿಯನ್ನೂ ಸುತ್ತಲಿನ ತಣ್ಣನೆ ಲೋಹ ಹೀರಿಬಿಡುತ್ತದೆ. ಇನ್ನು ಡೀಸೆಲ್ಲಿನ ಕಥೆ. ಡಿಸೆಂಬರ್‌ನಲ್ಲಿ ಮೈಸೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಗಟ್ಟಿಯಾಗುತ್ತದೆ ಅಲ್ವಾ? ಸ್ನಾನಕ್ಕೆ ಮೊದಲು ಅದನ್ನು ಬಿಸಿಲಿಗಿಟ್ಟು ಕರಗಿಸುತ್ತೇವೆ. ಡೀಸೆಲ್ಲಿನಲ್ಲೂ ಮೇಣದಂಥ ಅಂಶ ಇದೆ. ಕಡು ಚಳಿಗೆ ಅದು ಹೆಪ್ಪುಗಟ್ಟಿ ಫಿಲ್ಟರಿನಲ್ಲಿ ಕೂತುಬಿಡುತ್ತದೆ. ಎಂಜಿನ್ ಆಯಿಲ್ ಜೋನಿಬೆಲ್ಲದ ಹಾಗೆ ಮಂದವಾಗುತ್ತದೆ. ಬ್ಯಾಟರಿ ಸೊರಗುತ್ತದೆ. ಲಡಾಖಿನ ಬೆಳಗಿನ ಜಾವದಲ್ಲಿ ಸೈನಿಕ ಸ್ಟಾರ್ಟರ್ ಒತ್ತಿದಾಗ ಇವೆಲ್ಲ ಒಟ್ಟಿಗೇ ಎದುರು ನಿಲ್ಲುತ್ತವೆ.

ಎತ್ತರದ ಕಷ್ಟ ಬೇರೆ. 5000 ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ. ಉರಿಯುವುದಕ್ಕೆ ಆಮ್ಲಜನಕ ಸಾಲದು. ಹೊಗೆಯ ರಭಸದಿಂದಲೇ ತಿರುಗುವ ಟರ್ಬೊ ಇಟ್ಟು ಗಾಳಿಯನ್ನು ಒಳಕ್ಕೆ ತುರುಕಬೇಕು.

ಬಿಸಿಲಿಗೆ ಬರೋಣ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ. 1500 ಅಶ್ವಶಕ್ತಿ ಅಂದರೆ ಸುಮಾರು 1100 ಕಿಲೊವ್ಯಾಟ್. ಡೀಸೆಲ್ ಎಂಜಿನ್ ಎಷ್ಟು ಕೆಲಸ ಮಾಡುತ್ತದೋ ಕಡೇಪಕ್ಷ ಅಷ್ಟು ಶಾಖವನ್ನಾದರೂ ಹೊರಗೆ ಹಾಕುತ್ತದೆ. ನಮ್ಮ ಬಚ್ಚಲುಮನೆಯ ಗೀಸರ್ ಎರಡು ಕಿಲೊವ್ಯಾಟ್. ಅಂದರೆ ಐನೂರಕ್ಕೂ ಹೆಚ್ಚು ಗೀಸರುಗಳ ಕಾವು ಒಂದು ಉಕ್ಕಿನ ಡಬ್ಬಿಯೊಳಗೆ. ಅದನ್ನು ಹೊರಗೆ ಕಳಿಸೋಣ ಅಂದರೆ ಟ್ಯಾಂಕಿಗೆ ದೊಡ್ಡ ಕಿಟಕಿ ಇಡುವ ಹಾಗಿಲ್ಲ, ಗುಂಡು ಒಳಗೆ ಬರುತ್ತದೆ. ಫ್ಯಾನು ದೊಡ್ಡದು ಮಾಡಿದರೆ ಅದೇ ಎಂಜಿನ್ನಿನ ಬಲವನ್ನು ತಿನ್ನುತ್ತದೆ. ಹೊರಗಿನ ಗಾಳಿಯೇ 55 ಡಿಗ್ರಿ, ಮೇಲೆ ಮರುಭೂಮಿಯ ಹಿಟ್ಟಿನಂಥ ಧೂಳು. ಇನ್ನೊಂದು ತೊಡಕೂ ಇದೆ. ಚಳಿಗೆ ಒಗ್ಗುವ ತೆಳು ಆಯಿಲ್ ಈ ಕಾವಿಗೆ ನೀರಾಗುತ್ತದೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ಕೇಡು. ಲಡಾಖ್ ಮತ್ತು ಜೈಸಲ್ಮೇರ್ ಎರಡನ್ನೂ ಕಾಯಬೇಕಾದ ಸೇನೆಗೆ ಎರಡೂ ಕಡೆ ಓಡುವ ಒಂದೇ ಎಂಜಿನ್ ಬೇಕು.

ಈಗ ಕೊಳ್ಳುವ ದಾರಿ ನೋಡಿ. ಸೇನೆ ಮೊದಲು ತನಗೆ ಏನು ಬೇಕು ಅಂತ ಪಟ್ಟಿ ಬರೆಯುತ್ತದೆ. ಅದಕ್ಕೆ ಕ್ಯೂಆರ್ ಅಂತಾರೆ. ಮೈನಸ್ 40, 55 ಇವೆಲ್ಲ ಬರುವುದು ಅದರಲ್ಲಿ. ಆ ಪಟ್ಟಿ ರಕ್ಷಣಾ ಸಚಿವರ ಅಧ್ಯಕ್ಷತೆಯ ಖರೀದಿ ಮಂಡಳಿಗೆ ಹೋಗುತ್ತದೆ. ‘ಹೌದು, ಇದು ಬೇಕು’ ಅಂತ ಅಲ್ಲಿ ಒಪ್ಪಿಗೆ ಸಿಕ್ಕರೆ ಅದು ಎಒಎನ್. ಆಮೇಲೆ ಆರ್‌ಎಫ್‌ಪಿ, ಅಂದರೆ ಕಂಪನಿಗಳನ್ನು ಕರೆಯುವುದು. ಕಾಗದದ ಮೇಲೆ ತಾಂತ್ರಿಕ ತಪಾಸಣೆ. ಆಮೇಲೆ ಬಯಲಿನಲ್ಲಿ ಟ್ರಯಲ್. ಪಾಸಾದವರಲ್ಲಿ ಕಡಿಮೆ ಬೆಲೆ ಯಾರದ್ದು ಅಂತ ನೋಡಿ ಚೌಕಾಸಿ. ದೊಡ್ಡ ಮೊತ್ತವಾದರೆ ಪ್ರಧಾನಿಯವರ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿ. ಕೊನೆಗೆ ಸಹಿ.

ಇದರಲ್ಲಿ ಟ್ರಯಲ್ ಅನ್ನುವ ಮೆಟ್ಟಿಲು ಮಾತ್ರ ಮನುಷ್ಯರ ಕೈಯಲ್ಲಿಲ್ಲ. ಬೇಸಿಗೆಯ ಪರೀಕ್ಷೆ ರಾಜಸ್ಥಾನದಲ್ಲಿ ಬೇಸಿಗೆಯಲ್ಲೇ ಆಗಬೇಕು. ಚಳಿಯ ಪರೀಕ್ಷೆ ಹಿಮಾಲಯದಲ್ಲಿ ಚಳಿಗಾಲದಲ್ಲೇ ಆಗಬೇಕು. ಮೇ ತಿಂಗಳು ತಪ್ಪಿದರೆ ಇನ್ನೊಂದು ಮೇ ಬರುವ ತನಕ ಕಾಯಬೇಕು. ನಾಲೆಗೆ ನೀರು ಬಿಟ್ಟಾಗ ನಾಟಿ ತಪ್ಪಿಸಿಕೊಂಡ ರೈತನಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಸೇನೆಯ ಖರೀದಿ ನಿಧಾನ ಅಂತ ಎಲ್ಲರೂ ಬೈಯುತ್ತೇವೆ. ನಾನೂ ಬೈದಿದ್ದೇನೆ. ಆದರೆ ಆ ನಿಧಾನದಲ್ಲಿ ಎರಡು ಬಗೆ ಇದೆ. ಒಂದು ಪೈರಿನ ನಿಧಾನ, ಇನ್ನೊಂದು ಫೈಲಿನ ನಿಧಾನ. ಪೈರನ್ನು ಎಳೆದು ಉದ್ದ ಮಾಡಲು ಆಗುವುದಿಲ್ಲ. ಫೈಲನ್ನು ಮಾತ್ರ ಓಡಿಸಬಹುದು, ಓಡಿಸಲೇಬೇಕು. ಎರಡನ್ನೂ ಒಂದೇ ಅಂದುಕೊಂಡರೆ ಅನಾಹುತ.

ಎಟಿಎಜಿಎಸ್ ಅನ್ನುವ ನಮ್ಮ ಹೊಸ ಫಿರಂಗಿಯನ್ನೇ ತೆಗೆದುಕೊಳ್ಳಿ. ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕೆಲಸ ಶುರು ಮಾಡಿದ್ದು 2013ರಲ್ಲಿ. ಅದು 48 ಕಿಲೋಮೀಟರ್ ದೂರಕ್ಕೆ ಗುಂಡು ಹಾರಿಸಿತು. ಮೈಸೂರಿನಿಂದ ಮಂಡ್ಯಕ್ಕೆ ನೇರ ಗೆರೆ ಎಳೆದರೆ 38 ಕಿಲೋಮೀಟರ್ ಆಗುತ್ತದೆ, ಅದಕ್ಕಿಂತಲೂ ದೂರ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಪೋಖ್ರಾನಿನ ಟ್ರಯಲ್‌ನಲ್ಲಿ ಅದರ ನಳಿಗೆ ಸಿಡಿಯಿತು, ಜನರಿಗೆ ಗಾಯವಾಯಿತು. ಮತ್ತೆ ತಪಾಸಣೆ, ಮತ್ತೆ ಪರೀಕ್ಷೆ. ಕೊನೆಗೆ 2025ರ ಮಾರ್ಚ್‌ನಲ್ಲಿ 307 ಫಿರಂಗಿಗಳಿಗೆ ಸುಮಾರು 6900 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಹನ್ನೆರಡು ವರ್ಷ. ಅದರಲ್ಲಿ ಆ ನಳಿಗೆ ಸಿಡಿದ ಮೇಲಿನ ಕಾಲವನ್ನು ನಾನು ದಂಡ ಅನ್ನಲಾರೆ. ಪರೀಕ್ಷೆಯಲ್ಲಿ ಸಿಡಿಯದಿದ್ದರೆ ಗಡಿಯಲ್ಲಿ ಸಿಡಿಯುತ್ತಿತ್ತು.

ಫೈಲಿನ ನಿಧಾನ ಹೇಗಿರುತ್ತದೆ ಅನ್ನುವುದಕ್ಕೂ ಫಿರಂಗಿಯೇ ಸಾಕ್ಷಿ. ಬೋಫೋರ್ಸ್ ಒಪ್ಪಂದ ಆಗಿದ್ದು 1986ರಲ್ಲಿ. ಅದಾದ ಮೇಲೆ ಹೊರದೇಶದಿಂದ ಹೊಸ 155 ಮಿ.ಮೀ. ಫಿರಂಗಿ ಕೊಳ್ಳುವ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2016ರಲ್ಲಿ, ಅಮೆರಿಕದ 145 ಹಗುರ ಫಿರಂಗಿಗಳಿಗೆ. ಮೂವತ್ತು ವರ್ಷ. ಮಧ್ಯೆ ಟೆಂಡರ್ ಕರೆದರು, ರದ್ದು ಮಾಡಿದರು, ಮತ್ತೆ ಕರೆದರು. 1999ರಲ್ಲಿ ಕಾರ್ಗಿಲ್ ಯುದ್ಧಕ್ಕೆ ಆ ಹಳೆ ಬೋಫೋರ್ಸೇ ಗತಿಯಾಯಿತು. ಈ ಮೂವತ್ತು ವರ್ಷದ ನಿಧಾನಕ್ಕೆ ಯಾವ ಬೇಸಿಗೆಯೂ, ಯಾವ ಚಳಿಗಾಲವೂ ಕಾರಣ ಅಲ್ಲ.

ಇನ್ನೊಂದು ಬಗೆಯ ಕಾಯುವಿಕೆ ಬೇರೆಯವರ ಬಾಗಿಲಲ್ಲಿ ನಿಲ್ಲುವುದು. 83 ತೇಜಸ್ ಮಾರ್ಕ್ 1ಎ ವಿಮಾನಗಳಿಗೆ 2021ರ ಫೆಬ್ರವರಿಯಲ್ಲೇ ಒಪ್ಪಂದ ಆಯಿತು. ಅದಕ್ಕೆ ಬೇಕಾದ ಅಮೆರಿಕದ ಎಂಜಿನ್‌ಗಳಲ್ಲಿ ಮೊದಲನೆಯದು ಬಂದಿದ್ದು 2025ರ ಮಾರ್ಚ್‌ನಲ್ಲಿ. ನಮ್ಮ ಅರ್ಜುನ್ ಟ್ಯಾಂಕಿನ ಎಂಜಿನ್ನೂ ಜರ್ಮನಿಯದ್ದೇ. ಹೊರಮೈ ನಮ್ಮದಾಗಿ ಗುಂಡಿಗೆ ಬೇರೆಯವರದ್ದಾದರೆ ಹೀಗೇ. ಬೆಳವಾಡಿಯ ಆ ಸದ್ದು ನನಗೆ ದೊಡ್ಡ ಸುದ್ದಿ ಅನ್ನಿಸಿದ್ದು ಇದಕ್ಕೇ.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ. ಮಂಡ್ಯ ಕಡೆಯವರು. ನಾವೆಲ್ಲ ಮಿಲ್ಟ್ರಿ ಅಣ್ಣ ಅಂತ ಕರೆಯುತ್ತೇವೆ. ಸಿಯಾಚಿನ್‌ನಲ್ಲಿದ್ದು ಬಂದವರು. ಸಾಮಾನು ಸರಂಜಾಮಿನ ಮಾತು ಬಂದರೆ ಅವರು ಬಂದೂಕಿನಿಂದ ಶುರು ಮಾಡುವುದಿಲ್ಲ, ಬೇಳೆಯಿಂದ ಶುರು ಮಾಡುತ್ತಾರೆ. “ನೀರು ಕೊತಕೊತ ಅಂತ ಕುದಿಯುತ್ತೆ ಕಣಪ್ಪ, ಬೇಳೆ ಮಾತ್ರ ಬೇಯಾದೇ ಇಲ್ಲ.” ನಿಜ. ಗಾಳಿಯ ಒತ್ತಡ ಇಳಿದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. 5400 ಮೀಟರ್ ಎತ್ತರದಲ್ಲಿ ಸುಮಾರು 82 ಡಿಗ್ರಿಗೇ ಕುದಿ ಬಂದುಬಿಡುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ನೀರು ಅದಕ್ಕಿಂತ ಕಾಯುವುದಿಲ್ಲ. ಸೀಮೆಎಣ್ಣೆ ಖಾಲಿ, ಬೇಳೆ ಹಾಗೇ.

ಇದಕ್ಕೆ ಉತ್ತರ ಹುಡುಕುವ ಕೆಲಸವೂ ನಮ್ಮೂರಿನದ್ದೇ. ಸಿದ್ಧಾರ್ಥನಗರದಲ್ಲಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಡಿಎಫ್‌ಆರ್‌ಎಲ್, 1961ರಿಂದ ಇದನ್ನೇ ಮಾಡುತ್ತಿದೆ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಇಲ್ಲಿನ ತಿನಿಸು ಜೊತೆಗೆ ಹೋಗಿತ್ತು. ಈಗ ಗಗನಯಾನಕ್ಕೂ ಇಲ್ಲೇ ಊಟ ತಯಾರಾಗುತ್ತಿದೆ. ಅವರು ರೂಢಿಗೆ ತಂದ ಪೊಟ್ಟಣ ಕೈಯಲ್ಲಿ ಹಿಡಿದರೆ ಹಾಲಿನ ಪ್ಯಾಕೆಟ್ಟಿಗಿಂತ ದಪ್ಪ, ತಗಡಿನ ಡಬ್ಬಿಗಿಂತ ಎಷ್ಟೋ ಹಗುರ. ಪ್ಲಾಸ್ಟಿಕ್, ಅಲ್ಯೂಮಿನಿಯಂ ಹಾಳೆ, ಮತ್ತೆ ಪ್ಲಾಸ್ಟಿಕ್ ಹೀಗೆ ಪದರ ಪದರ. ಅಡುಗೆ ತುಂಬಿ, ಮುಚ್ಚಿ, ದೊಡ್ಡ ಕುಕ್ಕರಿನಂಥ ಪಾತ್ರೆಯಲ್ಲಿ ಸುಮಾರು 121 ಡಿಗ್ರಿಗೆ ಬೇಯಿಸುತ್ತಾರೆ. ಕುದಿಯುವ ನೀರಿಗೂ ಬಗ್ಗದ ಸೂಕ್ಷ್ಮಾಣುಗಳು ಆ ಕಾವಿಗೆ ಸಾಯುತ್ತವೆ. ಪೊಟ್ಟಣ ಚಪ್ಪಟೆ ಇರುವುದರಿಂದ ಕಾವು ನಡುವಿಗೆ ಬೇಗ ತಲುಪುತ್ತದೆ, ರುಚಿ ಜಾಸ್ತಿ ಕೆಡುವುದಿಲ್ಲ. ಫ್ರಿಜ್ ಇಲ್ಲದೆ ಒಂದು ವರ್ಷ ಇಡಬಹುದು. ಬೇಯಿಸುವ ಕೆಲಸ ಮೈಸೂರಿನಲ್ಲೇ ಮುಗಿದಿರುತ್ತದೆ, ಮೇಲೆ ಬಿಸಿ ಮಾಡಿದರೆ ಸಾಕು.

ಆದರೆ ಒಂದು ವರ್ಷ ಕೆಡುವುದಿಲ್ಲ ಅಂತ ಹೇಳಬೇಕಾದರೆ ಇಟ್ಟು ನೋಡಬೇಕು. ಜಾಸ್ತಿ ಬಿಸಿಯಲ್ಲಿಟ್ಟು ಬೇಗ ಮುಪ್ಪು ಬರಿಸಿ ಅಂದಾಜು ಮಾಡುವ ವಿಧಾನ ಇದೆ. ಆದರೂ ನಿಜವಾದ ಕಾಲಕ್ಕೆ ಅದು ಬದಲಿ ಅಲ್ಲ. ಮದ್ದುಗುಂಡಿಗೂ ಇದೇ ಮಾತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳಿವೆ. ಇಟ್ಟಿಗೆ-ಗಾರೆಯ ದಪ್ಪ ಗೋಡೆ, ಒಂದಿಷ್ಟು ಭಾಗ ನೆಲದೊಳಗೆ. ರೈಲಿನ ಜೋಡಿ ಹಳಿಗಾಗಿ 2017ರಲ್ಲಿ ಒಂದನ್ನು ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಆಚೆ ಇಟ್ಟರಲ್ಲ, ಅಂಥದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಕಲಸಿದ ಮದ್ದು ತೇವ ಹೀರಿದರೆ ಉರಿಯುವುದಿಲ್ಲ, ಹೊರಗಿನ ಬಿಸಿ ತಾಗಿದರೆ ಅಪಾಯ. ಅದಕ್ಕೇ ಆ ಗೋಡೆ. ಕಬ್ಬಿಣದ ಕೊಳವೆಯ ರಾಕೆಟ್ ಮಾಡಿದವರಿಗೆ ಅದನ್ನು ಕಾಪಾಡಿಕೊಳ್ಳುವುದೂ ಗೊತ್ತಿತ್ತು. ಇಂದಿನ ಕ್ಷಿಪಣಿಯ ಘನ ಇಂಧನವೂ ವಯಸ್ಸಾದಂತೆ ಬಿರುಕು ಬಿಡುತ್ತದೆ. ಬಿಸಿಲಿಗೆ ಅದು ಬೇಗ ಉರಿಯುತ್ತದೆ, ಚಳಿಗೆ ನಿಧಾನ. ಇದನ್ನೆಲ್ಲ ಅಳೆಯದೆ ಗುರಿ ಕೂರುವುದಿಲ್ಲ.

ಹಾಗಾದರೆ ಮುಂದಿನ ದಿನಗಳಿಗೆ ಏನು ಮಾಡಬೇಕು? ನನಗೆ ಪಿನಾಕ ರಾಕೆಟ್ಟಿನ ದಾರಿ ಇಷ್ಟ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1986ರಲ್ಲಿ, ಕಾರ್ಗಿಲ್‌ನಲ್ಲಿ ಮೊದಲ ಬಳಕೆ. ಆಗ ಅದರ ದೂರ 40 ಕಿಲೋಮೀಟರಿಗಿಂತ ಕಡಿಮೆ. ಈಗ ದಾರಿ ತಿದ್ದಿಕೊಂಡು ಹಾರುವ ಹೊಸ ರಾಕೆಟ್ 75 ಕಿಲೋಮೀಟರ್ ಮುಟ್ಟುತ್ತದೆ. ಎಲ್ಲವೂ ಮೊದಲ ದಿನವೇ ಬೇಕು ಅಂತ ಹಟ ಹಿಡಿಯದೆ, ಆಗುವಷ್ಟನ್ನು ಮೊದಲು ತಂದು ಆಮೇಲೆ ಬೆಳೆಸಿದರು.

ಡ್ರೋನ್ ಬಂದ ಮೇಲೆ ಇದು ಇನ್ನೂ ಮುಖ್ಯ. ಉಕ್ರೇನ್ ಯುದ್ಧದಲ್ಲಿ ಒಂದು ಕಡೆಯವರು ಡ್ರೋನಿನ ರೇಡಿಯೊ ಸಂಕೇತವನ್ನು ಕೆಡಿಸಿದರೆ ಇನ್ನೊಂದು ಕಡೆಯವರು ಬೇಗನೆ ಸಂಕೇತ ಬದಲಿಸುತ್ತಾರೆ, ಇಲ್ಲವೇ ಕೂದಲೆಳೆಯಂಥ ಫೈಬರ್ ತಂತಿ ಕಟ್ಟಿ ಹಾರಿಸುತ್ತಾರೆ. ಇಲ್ಲಿ ಫೈಲು ಮೂರು ವರ್ಷ ಓಡಾಡಿದರೆ ಬರುವ ಡ್ರೋನ್ ಆಗಲೇ ಹಳತು. ಹಾಗಾಗಿ ತುರ್ತು ಖರೀದಿಯ ದಾರಿ ಇದೆ. 2025ರಲ್ಲಿ ಅದರ ನಿಯಮ ಹೀಗಿತ್ತು: 300 ಕೋಟಿ ರೂಪಾಯಿ ಒಳಗಿನ ಒಪ್ಪಂದ, ವರ್ಷದೊಳಗೆ ಸಾಮಾನು ಬರಬೇಕು. ಆ ವರ್ಷದ ಜೂನ್‌ನಲ್ಲಿ ಹೀಗೆ 13 ಒಪ್ಪಂದಗಳಲ್ಲಿ ಸುಮಾರು 1982 ಕೋಟಿಗೆ ಡ್ರೋನ್, ಡ್ರೋನ್ ತಡೆಯುವ ಉಪಕರಣ ಮುಂತಾದವನ್ನು ಕೊಂಡರು. ಒಳ್ಳೆಯದೇ. ಆದರೆ ಡ್ರೋನಿಗೂ ಪೈರಿನ ನಿಧಾನ ತಪ್ಪಿದ್ದಲ್ಲ. 5000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇಕಡ 60ರಷ್ಟು. ಅಷ್ಟೇ ಭಾರ ಎತ್ತಲು ರೆಕ್ಕೆ ಸುಮಾರು ಶೇಕಡ 30 ಜಾಸ್ತಿ ವೇಗವಾಗಿ ತಿರುಗಬೇಕು. ಬ್ಯಾಟರಿ ಅಷ್ಟು ಬೇಗ ಮುಗಿಯುತ್ತದೆ, ಚಳಿಗಂತೂ ಇನ್ನೂ ಬೇಗ. ಬೆಂಗಳೂರಿನ ಜಕ್ಕೂರಿನ ಬಯಲಲ್ಲಿ ಚೆನ್ನಾಗಿ ಹಾರಿತು ಅಂತ ಸುಮ್ನೆ ಸಹಿ ಹಾಕುವ ಹಾಗಿಲ್ಲ.

ಬೆಳವಾಡಿಯ ಎಂಜಿನ್ ಅಂದು ಸ್ಟಾರ್ಟ್ ಆಗಿದ್ದು ಸ್ಟ್ಯಾಂಡಿನ ಮೇಲೆ. ಆಮೇಲಿನ ಹಂತ ಅದನ್ನು ನಿಜವಾದ ವಾಹನಕ್ಕೆ ಕೂರಿಸಿ ಸೇನೆಯವರ ಕೈಗೆ ಪರೀಕ್ಷೆಗೆ ಕೊಡುವುದು. ಅಲ್ಲಿಂದ ಶುರು ಬೇಸಿಗೆ, ಚಳಿಗಾಲ.

ಮೊನ್ನೆ ಮಿಲ್ಟ್ರಿ ಅಣ್ಣನಿಗೆ ಫೋನಿನಲ್ಲಿ ಒಂದು ಡ್ರೋನಿನ ವಿಡಿಯೊ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. “ಚೆನ್ನಾಗೈತೆ. ಬ್ಯಾಟರಿ ಬಿಚ್ಚಕ್ಕಾಗುತ್ತಾ?” ಅಂದರು. ಯಾಕಣ್ಣ ಅಂದೆ. “ರಾತ್ರಿ ಅಂಗಿ ಒಳಗೆ, ಮೈಗೆ ಒತ್ತಿ ಇಕ್ಕೋಬೇಕಲ್ಲಪ್ಪ. ನಾವು ಟಾರ್ಚಿನ ಸೆಲ್ಲು ಹಂಗೇ ಇಕ್ಕೋತಿದ್ವಿ. ಕೈಗವಸು ಹಾಕ್ಕೊಂಡೇ ಬಿಚ್ಚಂಗಿರಬೇಕು ಅಂತ ಹೇಳು, ಮಾಡೋರಿಗೆ.”