ಚಾಮುಂಡಿ ಬೆಟ್ಟಕ್ಕೆ ಸೈಕಲ್: ಹಲ್ಲಿನ ಲೆಕ್ಕ, ಬ್ರೇಕಿನ ಬಿಸಿ

ಚಾಮುಂಡಿ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಮೇಲಿದೆ. ಮೈಸೂರು ನಗರ ಇರುವುದು ಸುಮಾರು 770 ಮೀಟರಿನಲ್ಲಿ. ಏರಬೇಕಾದ್ದು ಹೆಚ್ಚುಕಡಿಮೆ 300 ಮೀಟರ್. ಮೆಟ್ಟಿಲು ಹತ್ತಿ ನಂದಿಗೆ ಕೈಮುಗಿದು ಹೋದರೂ ಅಷ್ಟೇ, ತಾವರೆಕಟ್ಟೆ ಕಡೆಯಿಂದ ರಸ್ತೆ ಹಿಡಿದು ಸುತ್ತಿಕೊಂಡು ಹೋದರೂ ಅಷ್ಟೇ. ಗುರುತ್ವಾಕರ್ಷಣೆ ನೋಡುವುದು ಎಷ್ಟು ತೂಕ ಎಷ್ಟು ಎತ್ತರಕ್ಕೆ ಹೋಯಿತು ಎನ್ನುವುದನ್ನು ಮಾತ್ರ. ದಾರಿ ಯಾವುದೆಂದು ಅದು ಕೇಳುವುದಿಲ್ಲ.

70 ಕಿಲೋ ಸವಾರ, ನೀರಿನ ಬಾಟಲಿ ಸೇರಿ 10 ಕಿಲೋ ಸೈಕಲ್, ಒಟ್ಟು 80 ಎಂದಿಟ್ಟುಕೊಳ್ಳಿ. ಇಷ್ಟನ್ನು 300 ಮೀಟರ್ ಎತ್ತಲು ಬೇಕಾದ ಕೆಲಸ 235 ಕಿಲೋಜೂಲ್. ಟೈರಿನ ಉರುಳು ಘರ್ಷಣೆ, ಗಾಳಿಯ ತಡೆ ಸೇರಿಸಿದರೆ 265ರ ಆಸುಪಾಸು. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಕಾಲುಭಾಗದಷ್ಟನ್ನೂ ಪೆಡಲ್ಲಿಗೆ ಮುಟ್ಟಿಸುವುದು ಕಷ್ಟ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಬೆಟ್ಟ ಹತ್ತಲು ದೇಹ ಸುಡುವುದು ಸುಮಾರು 280 ಕಿಲೋಕ್ಯಾಲರಿ. ಬೆಟ್ಟ ಹತ್ತಿ ಬಂದ ಖುಷಿಗೆ ಬೆಣ್ಣೆ ಹಾಕಿದ ಮಸಾಲೆ ದೋಸೆ ತಿಂದರೆ ಲೆಕ್ಕ ಅಲ್ಲಿಗೆ ಚುಕ್ತಾ.

ಕೆಲಸ ಇಷ್ಟು ಕಡಿಮೆಯಿದ್ದರೂ ಅರ್ಧ ದಾರಿಯಲ್ಲೇ ಇಳಿದು ಸೈಕಲ್ ತಳ್ಳುವವರು ಯಾಕಿದ್ದಾರೆ? ಉತ್ತರ ಹಲ್ಲುಚಕ್ರಗಳಲ್ಲಿದೆ.

ಏರು ಶೇ. 6, ಉದ್ದ 5 ಕಿಲೋಮೀಟರ್ ಎಂದು ಕೈಲೆಕ್ಕಕ್ಕೆ ಹಿಡಿಯೋಣ; ನಿಜವಾದ ರಸ್ತೆ ಕೆಲವೆಡೆ ಇದಕ್ಕಿಂತ ಕಡಿದು, ಕೆಲವೆಡೆ ಮಟ್ಟಸ. ಈ ಏರಿನಲ್ಲಿ ಗಂಟೆಗೆ 11 ಕಿ.ಮೀ. ವೇಗಕ್ಕೆ ಸುಮಾರು 160 ವ್ಯಾಟ್ ಬೇಕು. ಒಂದಷ್ಟು ತಿಂಗಳು ಸೈಕಲ್ ತುಳಿದವರು ಅರ್ಧ ಗಂಟೆ ಕೊಡಬಲ್ಲ ಶಕ್ತಿ ಇದು. ರೋಡ್ ಬೈಕಿನಲ್ಲಿ ಮುಂದೆ 34 ಹಲ್ಲು, ಹಿಂದೆ 28 ಹಲ್ಲು ಹಾಕಿಕೊಂಡರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೆ 11 ಕಿ.ಮೀ. ವೇಗ ತಾನಾಗಿ ಬರುತ್ತದೆ, ಪೆಡಲ್ ಮೇಲಿನ ಸರಾಸರಿ ಒತ್ತಡ 13 ಕಿಲೋ ತೂಕದಷ್ಟು.

ಗೇರಿಲ್ಲದ ಕಪ್ಪು ಸೈಕಲ್ಲಿಗೆ ಬನ್ನಿ. ಮುಂದೆ 44, ಹಿಂದಿನ ಫ್ರೀವೀಲಿನಲ್ಲಿ 18. ಒಂದು ಸುತ್ತಿಗೆ ಐದೂಕಾಲು ಮೀಟರಿಗೂ ಹೆಚ್ಚು. ಸೈಕಲ್ ತೂಕವೇ 20 ಕಿಲೋ. ಈಗ ಪೆಡಲ್ ಮೇಲಿನ ಸರಾಸರಿ ಒತ್ತಡ 32 ಕಿಲೋ. ಪೆಡಲ್ ನೇರ ಮೇಲೆ, ನೇರ ಕೆಳಗೆ ಇದ್ದಾಗ ಕಾಲಿಗೆ ಒತ್ತಲು ಏನೂ ಸಿಗುವುದಿಲ್ಲ. ಆ ನಷ್ಟವನ್ನು ನಡುವೆ ತುಂಬಬೇಕಾದ್ದರಿಂದ ಗರಿಷ್ಠ ಒತ್ತಡ ಐವತ್ತು ಅರವತ್ತು ಕಿಲೋ ಮುಟ್ಟುತ್ತದೆ. ಹತ್ತಿರ ಹತ್ತಿರ ಮೈಭಾರವೇ ಆಯಿತು. ಸೀಟಿನಿಂದ ಎದ್ದು ಪ್ರತಿ ಸುತ್ತಿಗೂ ಪೆಡಲ್ ಮೇಲೆ ನಿಲ್ಲದೆ ಗತಿಯಿಲ್ಲ. ಹತ್ತು ನಿಮಿಷದಲ್ಲಿ ತೊಡೆ ಸೋಲುತ್ತದೆ, ಉಸಿರು ಇನ್ನೂ ಬಾಕಿ ಇರುತ್ತದೆ.

ಬೆಟ್ಟಕ್ಕಾಗಿ ಖರ್ಚು ಮಾಡುವವರಿಗೆ ಇನ್ನೊಂದು ಲೆಕ್ಕ. ಸೈಕಲ್ಲಿನ ತೂಕ ಒಂದು ಕಿಲೋ ಇಳಿಸಿದರೆ ಈ ಅರ್ಧ ಗಂಟೆಯ ಏರಿನಲ್ಲಿ ಉಳಿಯುವುದು ಸುಮಾರು 20 ಸೆಕೆಂಡ್. ಹಗುರ ಚಕ್ರಕ್ಕೆ ಸುರಿಯುವ ದುಡ್ಡಿನ ಚೂರುಪಾರಿನಲ್ಲಿ ಅತಿ ದೊಡ್ಡ ಚಕ್ರಕ್ಕೆ 32 ಹಲ್ಲಿರುವ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಬರುತ್ತದೆ, ಮೊಣಕಾಲೂ ಉಳಿಯುತ್ತದೆ. ಆದರೆ ಕ್ಯಾಸೆಟ್ ಬದಲಿಸುವ ಮೊದಲು ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಹಿಂದಿನ ಡೀರೈಲರ್ ಎಷ್ಟು ಹಲ್ಲು ತಾಳುತ್ತದೆ ಎಂದು ನೋಡಿ; ಹಳೆಯ ಗಿಡ್ಡ ಡೀರೈಲರುಗಳು ಹಲವು 28ಕ್ಕೇ ನಿಲ್ಲುತ್ತವೆ. ಹಳೇ ಚೈನನ್ನೇ ಉಳಿಸಿಕೊಂಡರೆ ಮುಂದೆಯೂ ಹಿಂದೆಯೂ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದಾಗ ಅದು ಬಿಗಿದು ಡೀರೈಲರನ್ನೇ ಕಿತ್ತುಬಿಡಬಹುದು. ಡೀರೈಲರ್ ಬಿಟ್ಟು, ಎರಡೂ ಕಡೆಯ ದೊಡ್ಡ ಹಲ್ಲುಚಕ್ರಕ್ಕೆ ಚೈನನ್ನು ನೇರವಾಗಿ ಸುತ್ತಿ, ಅದರ ಮೇಲೆ ಎರಡು ಕೊಂಡಿ ಸೇರಿಸಿದರೆ ಉದ್ದ ಸರಿ.

ಏರಿನಲ್ಲೇ ಕಾಣಿಸಿಕೊಳ್ಳುವ ದೊಡ್ಡ ತೊಂದರೆ ಎಂದರೆ ಚೈನು ಕ್ಯಾಸೆಟ್ಟನ್ನೂ ದಾಟಿ ಕಡ್ಡಿಗಳ ಮಧ್ಯೆ ಬೀಳುವುದು. ಡೀರೈಲರಿನ ಮೇಲೆ ಎಲ್ ಮತ್ತು ಎಚ್ ಎಂಬ ಎರಡು ಪುಟ್ಟ ಸ್ಕ್ರೂಗಳಿರುತ್ತವೆ. ಕಡ್ಡಿಯ ಕಡೆಗೆ ಡೀರೈಲರ್ ಎಲ್ಲಿಯವರೆಗೆ ಸರಿಯಬಹುದು ಎಂದು ಕಟ್ಟಿಹಾಕುವುದು ಎಲ್. ಸಮತಟ್ಟಿನ ರಸ್ತೆಯಲ್ಲಿ ಅತಿ ದೊಡ್ಡ ಹಲ್ಲಿಗೆ ಯಾರೂ ಹೋಗುವುದಿಲ್ಲವಾದ್ದರಿಂದ ಅದು ಸಡಿಲವಿದ್ದರೂ ಗೊತ್ತಾಗದು. ಮನೆಯಲ್ಲೇ ಹಿಂದಿನ ಚಕ್ರ ಎತ್ತಿ, ಕೈಯಲ್ಲಿ ಪೆಡಲ್ ತಿರುಗಿಸಿ, ಕೊನೇ ಗೇರಿನವರೆಗೂ ಹಾಕಿ, ಡೀರೈಲರನ್ನು ಬೆರಳಿನಿಂದ ಕಡ್ಡಿಯ ಕಡೆ ತಳ್ಳಿ ನೋಡಿ. ಇನ್ನೂ ಒಳಗೆ ಹೋದರೆ ಎಲ್ ಸ್ಕ್ರೂ ಕಾಲು ಸುತ್ತು ಬಿಗಿಮಾಡಿ ಮತ್ತೆ ನೋಡಿ. ಇನ್ನು ಗೇರು ಬದಲಿಸುವುದು ಏರು ಶುರುವಾಗುವ ಮುಂಚೆ. ಮೈಭಾರವೆಲ್ಲ ಚೈನಿನ ಮೇಲಿರುವಾಗ ಬದಲಿಸಿದರೆ ಅದು ಹಲ್ಲಿನಿಂದ ಹಲ್ಲಿಗೆ ಹತ್ತದೆ ಜಾರುತ್ತದೆ.

ಏರುವಾಗ ವೇಗ ಕಡಿಮೆ, ಮೈಗೆ ಗಾಳಿ ಬೀಸುವುದಿಲ್ಲ, ಒಳಗೆ ಮಾತ್ರ 500 ವ್ಯಾಟಿಗೂ ಹೆಚ್ಚು ಬಿಸಿ ಹುಟ್ಟುತ್ತಿರುತ್ತದೆ. ಅಷ್ಟನ್ನೂ ಬೆವರಿನಿಂದಲೇ ಕಳೆಯಬೇಕಾದರೆ ಅರ್ಧ ಗಂಟೆಗೆ 400 ಮಿಲಿಲೀಟರಿನಷ್ಟು ಬೆವರು ಆರಬೇಕು. ಚಾಮುಂಡಿಗೆ ಒಂದು ಬಾಟಲಿ ನೀರು ಸಾಕು. ಗಂಟೆಗಟ್ಟಲೆ ತುಳಿಯುವ ದಿನ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು: ಬಾಳೆಹಣ್ಣು, ಕಡ್ಲೆಮಿಠಾಯಿ, ಮಂಡ್ಯದ ಅಚ್ಚುಬೆಲ್ಲದ ಚೂರು, ಏನಾದರೂ ಆಗುತ್ತದೆ.

ಹತ್ತುವಾಗ ಕೂಡಿಟ್ಟ 235 ಕಿಲೋಜೂಲ್ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಒಂದಿಷ್ಟು ಟೈರಿಗೆ, ಒಂದಿಷ್ಟು ಗಾಳಿಗೆ, ಮಿಕ್ಕದ್ದು ಬ್ರೇಕಿಗೆ. ಶೇ. 6ರ ಇಳಿಜಾರಿನಲ್ಲಿ ಬ್ರೇಕನ್ನೇ ಮುಟ್ಟದಿದ್ದರೆ ನೆಟ್ಟಗೆ ಕುಳಿತ ಸವಾರ ಗಂಟೆಗೆ 48 ಕಿ.ಮೀ. ಹತ್ತಿರ ಬಂದು ಅಲ್ಲೇ ನಿಲ್ಲುತ್ತಾನೆ. ಅಲ್ಲಿ ಗಾಳಿಯ ತಡೆಯೇ ಇಳಿಜಾರಿಗೆ ಸಮನಾಗುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಆದ್ದರಿಂದ ಬ್ರೇಕ್ ಹಿಡಿದು ವೇಗ ಇಳಿಸಿದಷ್ಟೂ ಗಾಳಿಯ ಪಾಲು ಕರಗಿ ಬ್ರೇಕಿನ ಪಾಲು ಬೆಳೆಯುತ್ತದೆ. ಬ್ರೇಕಿಗೆ ಕ್ಷಣಕ್ಷಣಕ್ಕೆ ಅತಿ ಹೆಚ್ಚು ಬಿಸಿ ಸುರಿಯುವುದು ತೀರ ವೇಗದಲ್ಲೂ ಅಲ್ಲ, ತೀರ ನಿಧಾನದಲ್ಲೂ ಅಲ್ಲ, ಗಂಟೆಗೆ 28 ಕಿ.ಮೀ. ಸುಮಾರಿಗೆ: 220 ವ್ಯಾಟ್. 40ರಲ್ಲಿ ಅದು 150ಕ್ಕೆ ಇಳಿಯುತ್ತದೆ. ಹೆದರಿಕೊಂಡು ಬ್ರೇಕನ್ನು ಎಡೆಬಿಡದೆ ಸವರುತ್ತ ಬರುವವರ ರಿಮ್ಮೇ, ಅಂದರೆ ಬ್ರೇಕ್ ಪ್ಯಾಡು ಉಜ್ಜುವ ಚಕ್ರದ ಬಳೆಯೇ, ಹೆಚ್ಚು ಕಾಯುವುದು ಇದಕ್ಕೆ.

ಚಾಮುಂಡಿಯಲ್ಲಿ ಈ ಬಿಸಿಯಿಂದ ಅಪಾಯ ಕಡಿಮೆ, ಇಳಿಜಾರು ಬೇಗ ಮುಗಿಯುತ್ತದೆ. ಗುಂಡ್ಲುಪೇಟೆ, ಬಂಡೀಪುರ ದಾಟಿ ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯ ಕಥೆ ಬೇರೆ. 36 ಹೇರ್‌ಪಿನ್ ತಿರುವು, ಮೇಲೆ 2,240 ಮೀಟರ್ ಎತ್ತರದ ಊಟಿ. ಇಳಿಜಾರು ಶೇ. 10 ಎಂದು ಹಿಡಿದರೆ ಬ್ರೇಕಿನ ಗರಿಷ್ಠ ಬಿಸಿ 500 ವ್ಯಾಟ್, ಸಣ್ಣ ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು ಕಾವು. ತಲಾ 450 ಗ್ರಾಂ ತೂಗುವ ಎರಡು ಅಲ್ಯೂಮಿನಿಯಂ ರಿಮ್ಮುಗಳು ಇದನ್ನು ಹಂಚಿಕೊಂಡರೂ, ಗಾಳಿ ತಣಿಸದಿದ್ದರೆ ನಿಮಿಷಕ್ಕೆ 35 ಡಿಗ್ರಿಗೂ ಹೆಚ್ಚು ಏರುತ್ತವೆ. ಒಳಗಿನ ಟ್ಯೂಬಿನ ಗಾಳಿ ಹಿಗ್ಗುತ್ತದೆ, ಹಳೇ ಪಂಕ್ಚರಿನ ತೇಪೆ ಬಿಡುತ್ತದೆ, ಕೆಲವೊಮ್ಮೆ ಟ್ಯೂಬೇ ಸಿಡಿಯುತ್ತದೆ. ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕ್ ಇರುವ ಸೈಕಲನ್ನು ಇಂಥ ಘಾಟಿಗೆ ಒಯ್ಯದಿರುವುದು ಒಳ್ಳೆಯದು. ಕಾರ್ಬನ್ ಬಿಸಿಯನ್ನು ಬೇಗ ಹರಡುವುದಿಲ್ಲ, ಅದನ್ನು ಅಂಟಿಸಿದ ರಾಳ ಮೆದುವಾಗುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಟೈರಿಗೆ ಬಿಸಿ ತಾಗುವುದಿಲ್ಲ, ಆದರೆ ಪ್ಯಾಡು ಕಾದು ಹಿಡಿತ ಕಳೆದುಕೊಳ್ಳಬಹುದು.

ಆದ್ದರಿಂದ ತಿರುವಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಟ್ಟು, ಮುಂದಿನ ನೇರ ದಾರಿಯಲ್ಲಿ ರಿಮ್ಮು ಆರಲು ಬಿಡಬೇಕು. ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ನಿಲ್ಲುವ ದೂರ ಎರಡು ಪಟ್ಟಿಗೂ ಹೆಚ್ಚಾಗುತ್ತದೆ: ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಎರಡೂ ಚೆನ್ನಾಗಿ ಹಿಡಿದರೂ 40ರ ವೇಗದಲ್ಲಿ, ಕಣ್ಣಿಗೆ ಕಂಡು ಕೈ ಓಡುವ ಒಂದು ಸೆಕೆಂಡ್ ಸೇರಿ, ನಿಲ್ಲಲು 25 ಮೀಟರ್ ಬೇಕು. ತಿರುವಿನಾಚೆ ಅಷ್ಟು ದೂರ ಕಾಣದಿದ್ದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ಚಾಮುಂಡಿಯಲ್ಲಿ ಕೋತಿಗಳೂ ಬಸ್ಸುಗಳೂ ಹಾರ್ನ್ ಮಾಡಿ ಬರುವುದಿಲ್ಲ.

ಮಳೆಗಾಲದಲ್ಲಿ ಈ ದೂರ ಇನ್ನೂ ಬೆಳೆಯುತ್ತದೆ. ರಿಮ್ ಬ್ರೇಕ್ ಹಿಡಿದಾಗ ಚಕ್ರದ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ, ಹಿಡಿತ ಬರುವುದು ಆಮೇಲೆ. ತಿರುವಿಗೆ ಸ್ವಲ್ಪ ಮುಂಚೆಯೇ ಹಗುರಾಗಿ ಒತ್ತಿ ರಿಮ್ಮನ್ನು ಒರೆಸಿಕೊಂಡಿರಿ. ಮನೆಗೆ ಬಂದ ಮೇಲೆ ಪ್ಯಾಡುಗಳನ್ನು ಕಳಚಿ ನೋಡಿದರೆ ಮರಳು, ಅಲ್ಯೂಮಿನಿಯಂ ಚೂರು ಕಚ್ಚಿಕೊಂಡಿರುತ್ತವೆ. ಸೂಜಿಯಿಂದ ತೆಗೆದು, ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕಿ.