ಎನ್‌ಸಿವಿ ವರದಿಯ ಅಂಕಿಗಳು ಎಲ್ಲಿಂದ ಬರುತ್ತವೆ?

ಕೈ ಜೋಮು ಹಿಡಿಯುತ್ತದೆ, ಅಂಗಾಲು ಉರಿಯುತ್ತದೆ ಎಂದು ಹೋದವರಿಗೆ ನರರೋಗ ತಜ್ಞರು ಸಾಮಾನ್ಯವಾಗಿ ಬರೆದುಕೊಡುವ, ನರದಲ್ಲಿ ಸಂಕೇತ ಸಾಗುವ ವೇಗ ಅಳೆಯುವ ಪರೀಕ್ಷೆ ಎನ್‌ಸಿವಿ. ವರದಿಯ ತುಂಬ ಲೇಟೆನ್ಸಿ (ಶಾಕ್ ಕೊಟ್ಟಾಗಿನಿಂದ ಅಲೆ ಏಳುವವರೆಗಿನ ಹೊತ್ತು), ಆಂಪ್ಲಿಟ್ಯೂಡ್ (ಅಲೆಯ ಎತ್ತರ), ವೆಲಾಸಿಟಿ (ವೇಗ) ಎಂಬ ಕಾಲಂಗಳಿರುತ್ತವೆ. ಬಹಳ ಮಂದಿ ಕೊನೆಯ ಸಾಲನ್ನು ಮಾತ್ರ ಓದಿ ಫೈಲಿಗೆ ಸೇರಿಸುತ್ತಾರೆ. ನರದಲ್ಲಿ ಸಂಕೇತ ಹೇಗೆ ಹುಟ್ಟಿ ಹೇಗೆ ಸಾಗುತ್ತದೆ ಎಂದು ತಿಳಿದರೆ ಆ ಕಾಲಂಗಳನ್ನು ಯಾರು ಬೇಕಾದರೂ ಓದಬಹುದು. ಪರೀಕ್ಷೆ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದೂ ಗೊತ್ತಾಗುತ್ತದೆ.

ತಾಮ್ರದ ತಂತಿಯಲ್ಲಿ ವಿದ್ಯುತ್ ಉದ್ದಕ್ಕೂ ಹರಿಯುತ್ತದೆ. ನರತಂತುವಿನಲ್ಲಿ ಮುಖ್ಯ ಚಲನೆ ಅಡ್ಡಡ್ಡ: ಪೊರೆಯ ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ. ಕೋಶದ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಬರೀ 4. ಸೋಡಿಯಂ ಇದಕ್ಕೆ ತಿರುಗುಮುರುಗು: ಹೊರಗೆ ಸುಮಾರು 145, ಒಳಗೆ ಹತ್ತು-ಹದಿನೈದು. ಈ ಅಂತರವನ್ನು ಕಾಯುವುದು ಪೊರೆಯಲ್ಲಿರುವ ಒಂದು ಪಂಪ್. ಕೋಶಕ್ಕೆ ಶಕ್ತಿ ಕೊಡುವ ಎಟಿಪಿಯ ಒಂದು ಅಣುವಿನ ಖರ್ಚಿನಲ್ಲಿ ಅದು 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಕಂಡುಹಿಡಿದರು. ನೊಬೆಲ್ ಬಂದದ್ದು 1997ರಲ್ಲಿ.

ವಿಶ್ರಾಂತಿಯಲ್ಲಿರುವ ಪೊರೆ ಪೊಟ್ಯಾಸಿಯಂ ಅನ್ನು ಮಾತ್ರ ಸಲೀಸಾಗಿ ಸೋರಲು ಬಿಡುತ್ತದೆ. ಧನ ಅಯಾನುಗಳು ಹೊರಗೆ ಹೋದಷ್ಟೂ ಒಳಭಾಗ ಋಣವಾಗುತ್ತದೆ. ಹೀಗೆ ಅದು ಸುಮಾರು ಮೈನಸ್ 70 ಮಿಲಿವೋಲ್ಟ್‌ನಲ್ಲಿ ನಿಲ್ಲುತ್ತದೆ. ಇದು ಎಷ್ಟು ಸೂಕ್ಷ್ಮ ಎಂಬುದು ಮೂತ್ರಪಿಂಡದ ರೋಗಿಗಳಲ್ಲಿ ಗೊತ್ತಾಗುತ್ತದೆ. ರಕ್ತದ ಪೊಟ್ಯಾಸಿಯಂ 4ರಿಂದ 7ಕ್ಕೆ ಏರಿದರೆ ಪೊಟ್ಯಾಸಿಯಂನ ಸಮತೋಲನದ ವೋಲ್ಟೇಜ್ (ಅದರ ಸೋರಿಕೆ ನಿಲ್ಲುವ ಮಟ್ಟ) ಮೈನಸ್ 95ರಿಂದ ಮೈನಸ್ 80ಕ್ಕೆ ಏರುತ್ತದೆ. ಪೊರೆ ಸದಾ ಅರೆ ಉದ್ರಿಕ್ತವಾಗಿಯೇ ಉಳಿದು, ಅದರಲ್ಲಿರುವ ಪುಟ್ಟ ಬಾಗಿಲುಗಳಾದ ಸೋಡಿಯಂ ಗೇಟ್‌ಗಳು ಜಡವಾಗುತ್ತವೆ. ಕೈಕಾಲು ಸೋಲುವುದು, ಹೃದಯದ ಬಡಿತ ಹದ ತಪ್ಪುವುದು ಇದರಿಂದಲೇ. ಡಯಾಲಿಸಿಸ್ ತಪ್ಪಿಸಿದವರಿಗೆ ಸುಸ್ತು ಬಂದರೆ ನಾಳೆ ನೋಡೋಣ ಎನ್ನಬಾರದು.

ಈಗ ಸಂಕೇತಕ್ಕೆ ಬರೋಣ. ಪ್ರಚೋದನೆಯಿಂದ ಒಳಗಿನ ವೋಲ್ಟೇಜ್ ಮೈನಸ್ 55ರ ಆಸುಪಾಸಿಗೆ ಬಂದರೆ ಸೋಡಿಯಂ ಗೇಟ್‌ಗಳು ತೆರೆಯುತ್ತವೆ. ಒಳನುಗ್ಗಿದ ಸೋಡಿಯಂ ವೋಲ್ಟೇಜನ್ನು ಇನ್ನಷ್ಟು ಏರಿಸುತ್ತದೆ, ಅದರಿಂದ ಇನ್ನಷ್ಟು ಗೇಟ್ ತೆರೆಯುತ್ತವೆ. ಕ್ಷಣಾರ್ಧದಲ್ಲಿ ವೋಲ್ಟೇಜ್ ಪ್ಲಸ್ 30 ದಾಟುತ್ತದೆ. ಅಷ್ಟರಲ್ಲಿ ಸೋಡಿಯಂ ಗೇಟ್‌ಗಳಿಗೆ ತಾವಾಗಿಯೇ ಬೀಗ ಬೀಳುತ್ತದೆ, ತಡವಾಗಿ ತೆರೆಯುವ ಪೊಟ್ಯಾಸಿಯಂ ಗೇಟ್‌ಗಳು ಪೊರೆಯನ್ನು ಮೊದಲಿನ ಸ್ಥಿತಿಗೆ ತರುತ್ತವೆ. ಇಡೀ ಆಟ ಸುಮಾರು 1 ಮಿಲಿಸೆಕೆಂಡಿನದು. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ಇದನ್ನೆಲ್ಲ ಅಳೆದು 1952ರಲ್ಲಿ ಗಣಿತದ ಸಮೀಕರಣಗಳಲ್ಲಿ ಹಿಡಿದಿಟ್ಟರು. ಜೀವವಿಜ್ಞಾನದಲ್ಲಿ ಅಷ್ಟು ಖಚಿತವಾದ ಕೆಲಸ ಅಪರೂಪ.

ಒಂದು ಬಿಂದುವಿನಲ್ಲಿ ಎದ್ದ ಈ ಅಲೆ ಪಕ್ಕದ ಬಿಂದುವನ್ನು ಮಿತಿ ದಾಟಿಸುತ್ತದೆ, ಅದು ಮುಂದಿನದನ್ನು. ಪಟಾಕಿ ಸರದಂತೆ: ಕೊನೆಯ ಪಟಾಕಿಯ ಸದ್ದು ಮೊದಲನೆಯದಕ್ಕಿಂತ ಸಣ್ಣದಾಗುವುದಿಲ್ಲ, ಪ್ರತಿಯೊಂದೂ ತನ್ನದೇ ಮದ್ದಿನಿಂದ ಸಿಡಿಯುತ್ತದೆ. ಹೀಗೆ ಹೆಜ್ಜೆ ಹೆಜ್ಜೆಗೂ ಹೊಸದಾಗಿ ಹುಟ್ಟುತ್ತ ಹೋದರೆ ವೇಗ ಸಾಲದು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಸಂಕೇತ ಸೆಕೆಂಡಿಗೆ ಅರ್ಧದಿಂದ 2 ಮೀಟರ್ ಮಾತ್ರ ಸಾಗುತ್ತದೆ. ದಪ್ಪ ತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಸುಮಾರು ಒಂದು ಮಿಲಿಮೀಟರಿಗೊಮ್ಮೆ ಅದರಲ್ಲಿ ಒಂದು ಚಿಕ್ಕ ಬಿಡುವು. ಸೋಡಿಯಂ ಗೇಟ್‌ಗಳು ದಟ್ಟವಾಗಿರುವುದು ಅಲ್ಲೇ. ಸಂಕೇತ ಬಿಡುವಿನಿಂದ ಬಿಡುವಿಗೆ ಜಿಗಿಯುತ್ತದೆ. ಹೀಗಾಗಿ ಆರೋಗ್ಯವಂತರ ಮುಂಗೈಯಲ್ಲಿ ವೇಗ ಸೆಕೆಂಡಿಗೆ 50 ಮೀಟರಿಗಿಂತ ಹೆಚ್ಚು, ಮೊಣಕಾಲ ಕೆಳಗೆ 40ಕ್ಕಿಂತ ಹೆಚ್ಚು.

ಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ. ಅಂಗೈಯ ಮೀಡಿಯನ್ ನರವನ್ನು ತೆಗೆದುಕೊಳ್ಳಿ. ಹೆಬ್ಬೆರಳ ಬುಡದ ಉಬ್ಬಿದ ಸ್ನಾಯುವಿನ ನಡುವೆ ಒಂದು ಎಲೆಕ್ಟ್ರೋಡ್, ಹೆಬ್ಬೆರಳ ಗಂಟಿನ ಮೇಲೆ ಇನ್ನೊಂದು, ಗ್ರೌಂಡ್‌ಗೆ ಮತ್ತೊಂದು. ಮೊದಲನೆಯದರಿಂದ 7 ಸೆಂ.ಮೀ. ಹಿಂದೆ ಮಣಿಕಟ್ಟಿನಲ್ಲಿ ಶಾಕ್ ಕೊಡುವ ಪ್ರಚೋದಕ ಇಡುತ್ತಾರೆ, ಅದರ ಋಣ ತುದಿ ಬೆರಳಿನ ಕಡೆಗೆ, ಏಕೆಂದರೆ ಗೇಟ್ ತೆರೆಯುವುದು ಋಣ ತುದಿಯ ಕೆಳಗೆ. ತಿರುವುಮುರುವಾಗಿ ಹಿಡಿದರೆ ಲೇಟೆನ್ಸಿ ಸುಳ್ಳಾಗಿ ಹೆಚ್ಚುತ್ತದೆ. 0.2 ಮಿಲಿಸೆಕೆಂಡ್ ಅವಧಿಯ ಶಾಕನ್ನು ನಿಧಾನವಾಗಿ ಏರಿಸುತ್ತ, ಸ್ನಾಯುವಿನ ಅಲೆ ಇನ್ನು ದೊಡ್ಡದಾಗದು ಎಂದಾಗ ಅದರ ಮೇಲೆ ಶೇ. 20ರಷ್ಟು ಹೆಚ್ಚಿಸಿ ದಾಖಲಿಸುತ್ತಾರೆ. ರೋಗಿಗೆ ನೋವಾದೀತೆಂದು ಮೊದಲೇ ನಿಲ್ಲಿಸಿದರೆ ಕೆಲವು ತಂತುಗಳು ಎಚ್ಚರಗೊಳ್ಳುವುದೇ ಇಲ್ಲ. ಆಂಪ್ಲಿಟ್ಯೂಡ್ ಕಡಿಮೆ ಬಂದು ಇಲ್ಲದ ರೋಗ ಇದ್ದಂತೆ ಕಾಣುತ್ತದೆ.

ಮಣಿಕಟ್ಟಿನಲ್ಲಿ ಶಾಕ್ ಕೊಟ್ಟಾಗ ಲೇಟೆನ್ಸಿ 3.4 ಮಿಲಿಸೆಕೆಂಡ್, ಮೊಣಕೈಯಲ್ಲಿ ಕೊಟ್ಟಾಗ 7.4, ನಡುವಿನ ದೂರ 220 ಮಿ.ಮೀ. ಎಂದುಕೊಳ್ಳಿ. 220 ಭಾಗಿಸು 4, ಅಂದರೆ ಸೆಕೆಂಡಿಗೆ 55 ಮೀಟರ್. ಎರಡು ಕಡೆ ಶಾಕ್ ಏಕೆ? ಮಣಿಕಟ್ಟಿನ 3.4ರಲ್ಲಿ ನರದ ಓಟದ ಜೊತೆಗೆ ನರ-ಸ್ನಾಯು ಸಂಧಿ ದಾಟುವ ಹೊತ್ತೂ ಸೇರಿರುತ್ತದೆ. ಕಳೆದಾಗ ಅದು ಹೊರಟುಹೋಗಿ ನರದ್ದಷ್ಟೇ ಉಳಿಯುತ್ತದೆ.

ಈಗ ವರದಿ ಓದುವುದು ಸುಲಭ. ವೇಗ ತೀರಾ ಕುಸಿದಿದ್ದರೆ, ಉದಾಹರಣೆಗೆ ಕೈಯಲ್ಲಿ 30ಕ್ಕಿಂತ ಕೆಳಗೆ, ಪೆಟ್ಟು ಮೈಲಿನ್‌ಗೆ. ವೇಗ ಹೆಚ್ಚುಕಡಿಮೆ ಸರಿಯಿದ್ದು ಅಲೆ ಚಿಕ್ಕದಾಗಿದ್ದರೆ ತಂತುಗಳೇ ಸತ್ತಿವೆ. ಉಳಿದವು ತಮ್ಮ ವೇಗದಲ್ಲೇ ಓಡುತ್ತಿವೆ. ಮಣಿಕಟ್ಟಿನಲ್ಲಿ ಅಲೆ ದೊಡ್ಡದು, ಮೊಣಕೈಯಿಂದ ಕೊಟ್ಟಾಗ ಅರ್ಧಕ್ಕೂ ಕಡಿಮೆ ಎಂದರೆ ನಡುವೆ ಎಲ್ಲೋ ದಾರಿ ಮುಚ್ಚಿದೆ. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಬೀಳುವ ಗಿಯಾನ್-ಬಾರೆ ಸಿಂಡ್ರೋಮ್‌ನಲ್ಲಿ ಈ ತಡೆ ಕಾಣುತ್ತದೆ. ಮೈಲಿನ್ ಮತ್ತೆ ಬೆಳೆಯುತ್ತದೆ, ವಾರಗಳಲ್ಲಿ ಚೇತರಿಕೆ ಸಾಧ್ಯ. ಸತ್ತ ತಂತು ದಿನಕ್ಕೆ ಸುಮಾರು 1 ಮಿ.ಮೀ. ಬೆಳೆದು ಸ್ನಾಯುವನ್ನು ಮುಟ್ಟಬೇಕು. ಇವೆರಡರಲ್ಲಿ ಯಾವುದು ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ. ಎಷ್ಟು ಕಾಲ ಕಾಯಬೇಕು ಎಂಬ ಲೆಕ್ಕ ಅದರಲ್ಲೇ ಇದೆ.

ಅಂಕಿಗಳನ್ನು ಕೆಡಿಸುವುದರಲ್ಲಿ ಮೊದಲ ಸ್ಥಾನ ಚಳಿಗೆ. ಚರ್ಮದ ಉಷ್ಣತೆ 1 ಡಿಗ್ರಿ ಇಳಿದರೆ ವೇಗ ಸೆಕೆಂಡಿಗೆ 2 ಮೀಟರಿನಷ್ಟು ಇಳಿಯುತ್ತದೆ. ಎಸಿ ಕೋಣೆಯಲ್ಲಿ ಅರ್ಧ ಗಂಟೆ ಕಾದ ಕೈ 27 ಡಿಗ್ರಿಗೆ ಬಂದಿದ್ದರೆ, ಚೆನ್ನಾಗಿರುವ ನರವೂ ರೋಗಿಯಂತೆ ತೋರುತ್ತದೆ. ಪತ್ತೆ ಹಚ್ಚಲು ಒಂದು ಸುಳಿವಿದೆ: ಚಳಿಯಲ್ಲಿ ಸೋಡಿಯಂ ಗೇಟ್‌ಗಳು ಹೆಚ್ಚು ಹೊತ್ತು ತೆರೆದಿರುವುದರಿಂದ ಅಲೆ ನಿಧಾನವಾದರೂ ದೊಡ್ಡದಾಗಿರುತ್ತದೆ, ಅಗಲವಾಗಿರುತ್ತದೆ. ರೋಗದಲ್ಲಿ ಹಾಗಾಗುವುದಿಲ್ಲ. ಕೈ 32 ಡಿಗ್ರಿಗಿಂತ ಬೆಚ್ಚಗಿರಬೇಕು. ತಣ್ಣಗಿದ್ದರೆ ಬೆಚ್ಚನೆಯ ನೀರಿನಲ್ಲಿ ಅದ್ದಿ ಒರೆಸಿ ಮತ್ತೆ ಅಳೆಯಬೇಕು. ವರದಿಯಲ್ಲಿ ಉಷ್ಣತೆ ಬರೆದಿರದಿದ್ದರೆ, ಅಲ್ಪಸ್ವಲ್ಪ ನಿಧಾನಗತಿಯ ಆಧಾರದ ಮೇಲೆ ‘ನ್ಯೂರೋಪತಿ’ (ನರಗಳ ರೋಗ) ಎನ್ನುವುದು ತಪ್ಪು. ಟೇಪ್ ಹಿಡಿಯುವುದರಲ್ಲೂ ಎಚ್ಚರ ಬೇಕು: 10 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ತಪ್ಪಿದರೆ ವೇಗ ಶೇ. 10ರಷ್ಟು ತಪ್ಪುತ್ತದೆ. ಪರೀಕ್ಷೆಗೆ ಹೋಗುವ ದಿನ ಕೈಕಾಲಿಗೆ ಎಣ್ಣೆ, ಲೋಷನ್ ಹಚ್ಚಬೇಡಿ; ಜಿಡ್ಡಿನ ಚರ್ಮದಲ್ಲಿ ಎಲೆಕ್ಟ್ರೋಡ್ ಸರಿಯಾಗಿ ಹಿಡಿಯದೆ ಗೋಡೆಯ ವೈರಿನ 50 ಹರ್ಟ್ಸ್ ಗದ್ದಲ ಸೇರಿಕೊಳ್ಳುತ್ತದೆ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ನರದ ತುದಿ ತಲುಪಿದ ಮೇಲೆ ಸಂಕೇತ ರಾಸಾಯನಿಕವಾಗಿ ಬದಲಾಗುತ್ತದೆ. ಕ್ಯಾಲ್ಸಿಯಂ ಒಳಬಂದು, ಪುಟ್ಟ ಚೀಲಗಳಲ್ಲಿದ್ದ ಸಂಕೇತದ ರಾಸಾಯನಿಕ ಅಸಿಟೈಲ್‌ಕೋಲಿನ್ ಸಂದಿಗೆ ಸುರಿದು, ಸ್ನಾಯುವಿನ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಹಾವಿನ ವಿಷದ ಆಟ ಇಲ್ಲೇ. ನಾಗರಹಾವಿನ ವಿಷ ಮುಖ್ಯವಾಗಿ ಸ್ನಾಯುವಿನ ಗ್ರಾಹಕಗಳನ್ನು ಆಕ್ರಮಿಸುತ್ತದೆ. ನಿಯೋಸ್ಟಿಗ್ಮಿನ್ ಎಂಬ ಔಷಧ ಕೊಟ್ಟು ಅಸಿಟೈಲ್‌ಕೋಲಿನ್ ಉಳಿಸಿದರೆ ಸಹಾಯವಾಗುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ಸುರಿಯಲು ಅಸಿಟೈಲ್‌ಕೋಲಿನ್ನೇ ಇಲ್ಲದಾಗ ನಿಯೋಸ್ಟಿಗ್ಮಿನ್‌ನಿಂದ ಹೆಚ್ಚೇನೂ ಆಗುವುದಿಲ್ಲ. ತುದಿ ಮತ್ತೆ ಬೆಳೆಯುವವರೆಗೆ ದಿನಗಟ್ಟಲೆ ವೆಂಟಿಲೇಟರ್ ಬೇಕಾಗಬಹುದು. ವಿಷ ತುದಿಯನ್ನು ಹೊಕ್ಕ ಮೇಲೆ ಪ್ರತಿವಿಷ ಅದನ್ನು ತಲುಪದು. ಆದ್ದರಿಂದ ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಇಳಿಬಿದ್ದರೆ, ಕಚ್ಚಿದ ಗುರುತು ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಸಾಗಿಸಿ.

ಎನ್‌ಸಿವಿಗೆ ಕಾಣದವೂ ಇವೆ. ಈ ಪರೀಕ್ಷೆ ದಪ್ಪ ತಂತುಗಳನ್ನು ಮಾತ್ರ ನೋಡುತ್ತದೆ. ಉರಿ, ಬಿಸಿ, ನೋವು ಸಾಗಿಸುವ ಸಣ್ಣ ತಂತುಗಳ ಅಲೆ ಇದರಲ್ಲಿ ಮೂಡುವುದಿಲ್ಲ. ಸಕ್ಕರೆ ಕಾಯಿಲೆಯ ಆರಂಭದಲ್ಲಿ ಕೆಡಬಹುದಾದವು ಅವೇ. ಅಂಗಾಲು ರಾತ್ರಿಯೆಲ್ಲ ಉರಿಯುತ್ತಿದ್ದು ವರದಿ ‘ನಾರ್ಮಲ್’ ಎಂದರೆ ರೋಗಿಯ ಮಾತು ಸುಳ್ಳಲ್ಲ. ಅಂಥವರಿಗೆ ಚರ್ಮದ ಬಯಾಪ್ಸಿಯಲ್ಲಿ ಸಣ್ಣ ತಂತುಗಳನ್ನು ಎಣಿಸಬಹುದು. ದಾರಿ ತಪ್ಪಿಸುವ ಇನ್ನೊಂದು ಸಂಗತಿ ಪರೀಕ್ಷೆ ಮಾಡಿಸುವ ದಿನದ್ದು. ಅಪಘಾತದಲ್ಲಿ ನರ ಪೂರ್ತಿ ಕತ್ತರಿಸಿಹೋದರೂ ಗಾಯದ ಕೆಳಗಿನ ತುಂಡು ಕೆಲವು ದಿನ ಸಂಕೇತ ಸಾಗಿಸುತ್ತಲೇ ಇರುತ್ತದೆ. ಸ್ನಾಯುವಿಗೆ ಹೋಗುವ ತಂತುಗಳು 3ರಿಂದ 5 ದಿನ, ಸ್ಪರ್ಶದವು ಹತ್ತು ದಿನದವರೆಗೂ. ಮರುದಿನವೇ ಗಾಯದ ಕೆಳಗಷ್ಟೇ ಪ್ರಚೋದಿಸಿ ನೋಡಿದರೆ ನರ ಚೆನ್ನಾಗಿರುವಂತೆ ಕಾಣುತ್ತದೆ. ಗಾಯದ ಮೇಲೂ ಕೆಳಗೂ ಪ್ರಚೋದಿಸಬೇಕು, ಮೂರು ವಾರ ಕಳೆದ ಮೇಲೆ ಸ್ನಾಯುವಿನ ವಿದ್ಯುತ್ತನ್ನು ಸೂಜಿಯಿಂದ ಅಳೆಯುವ ಇಎಂಜಿಯೊಂದಿಗೆ ಮತ್ತೊಮ್ಮೆ ಮಾಡಿಸಬೇಕು.